ಉಳಿದ 166 ಗಂಟೆ



ಕಳೆದ ಮಾಘ ಮಾಸದಲ್ಲಿ ಹಾಸನದ ಕಡೆ ನೆಂಟರ ಮನೆಯ ಮದುವೆಗೆ ಹೋಗಿದ್ದೆ. ಮುಹೂರ್ತದ ಹೊತ್ತು. ಯಾರೋ 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೂಗಿದರು. ಡೋಲು, ನಾದಸ್ವರ ಒಮ್ಮೆಲೇ ಏರಿದವು. ನಾವೆಲ್ಲ ಅಕ್ಷತೆ ಹಿಡಿದು ಎದ್ದು ನಿಂತೆವು. ನನಗಿಂತ ಎರಡು ಸಾಲು ಮುಂದೆ ಕುಳಿತಿದ್ದ ಆರು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯ ಕೆಳಗೆ ನುಸುಳಿ ಚೀರತೊಡಗಿದ. ಅವನ ತಾಯಿ ಬಗ್ಗಿ ಅವನನ್ನು ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಅಕ್ಷತೆ ಅವಳ ಮುಷ್ಟಿಯಲ್ಲೇ ಉಳಿದಿತ್ತು. ನನ್ನ ಪಕ್ಕದಲ್ಲಿದ್ದವರು ಮೆಲ್ಲಗೆ ಅಂದರು: "ಮುದ್ದು ಜಾಸ್ತಿ ಆಯ್ತು. ಎರಡು ಬಿಟ್ಟಿದ್ರೆ ಸರಿ ಹೋಗ್ತಿದ್ದ."

ಸ್ವಲ್ಪ ಹೊತ್ತಿನ ಮೇಲೆ ನಾನೂ ಹೊರಗೆ ಬಂದೆ. ಹುಡುಗ ಶಾಂತನಾಗಿದ್ದ. ಛತ್ರದ ಬಾಗಿಲಲ್ಲಿ ನೂರಾರು ಚಪ್ಪಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವಲ್ಲ, ಅವುಗಳ ಜೋಡಿ ಹುಡುಕಿ ಹುಡುಕಿ, ಚಿಕ್ಕದರಿಂದ ದೊಡ್ಡದರವರೆಗೆ, ಗೋಡೆಯ ಉದ್ದಕ್ಕೂ ಸಾಲಾಗಿ ಇಡುತ್ತಿದ್ದ. ತಾಯಿ ಕಂಬಕ್ಕೆ ಒರಗಿ ನಿಂತಿದ್ದಳು. ಹೋಗಿಬರುವವರೆಲ್ಲ "ಅಯ್ಯೋ, ಕೊಳಕು, ಮುಟ್ಟಬೇಡ ಅನ್ನಮ್ಮ" ಎನ್ನುತ್ತಿದ್ದರು. "ಕೈ ತೊಳೆಸ್ತೀನಿ" ಎಂದು ಅವಳು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. ಒಳಗೆ ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು.

ಆ ಹುಡುಗನಿಗೆ ಆಟಿಸಂ ಇದೆ. ಇವತ್ತು ಅವನ ಬಗ್ಗೆ ಸ್ವಲ್ಪ ಹೇಳಿ, ಕಂಬಕ್ಕೆ ಒರಗಿ ನಿಂತಿದ್ದ ಅವಳ ಬಗ್ಗೆ ಹೆಚ್ಚು ಮಾತಾಡುತ್ತೇನೆ.

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಎಂಬ ಪದ ಬಳಕೆಯಲ್ಲಿದೆ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕಾಯುವ ತಾಯಂದಿರು ಆಟಿಸಂ ಎಂದೇ ಹೇಳುತ್ತಾರೆ. ನನಗೂ ಅದೇ ವಾಸಿ ಅನಿಸುತ್ತದೆ. ತನ್ನೊಳಗೇ ಲೀನ ಎಂದುಬಿಟ್ಟರೆ ಮಗುವಿಗೆ ನಾವು ಯಾರೂ ಬೇಡ ಎಂದಂತಾಗುತ್ತದೆ. ಅದಕ್ಕೂ ನಾವು ಬೇಕು, ನಮ್ಮ ಹತ್ತಿರ ಬರುವ ದಾರಿ ಬೇರೆ, ಅಷ್ಟೆ. ಇದು ಕಾಯಿಲೆಯಲ್ಲ, ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಮಾತು, ನೋಟ, ಸನ್ನೆಗಳಿಂದ ಬೇರೆಯವರ ಜೊತೆ ಬೆರೆಯುವುದು ಕಷ್ಟ. ಒಂದೇ ಕೆಲಸ, ಒಂದೇ ಕ್ರಮ ಮತ್ತೆ ಮತ್ತೆ ಬೇಕು. ನಮ್ಮ ಕಿವಿಗೆ ಮಂಗಳವಾದ್ಯವಾಗಿರುವುದು ಅಂಥ ಮಗುವಿನ ಕಿವಿಗೆ ಏಟಿನ ಹಾಗೆ ಬೀಳಬಹುದು. ಇಂಥದ್ದು ಅಪರೂಪವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು.

ಸುಳಿವುಗಳು ಬೇಗನೇ ಕಾಣಿಸುತ್ತವೆ. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ಮಗು ತಿರುಗುವುದಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಅಮ್ಮನ ಕೈ ಹಿಡಿದೆಳೆದು, ಆ ಕೈಯನ್ನೇ ಬಿಸ್ಕತ್ತಿನ ಡಬ್ಬಿಯ ಮೇಲೆ ಇಡುತ್ತದೆ. ಚಂದಮಾಮನನ್ನು ತೋರಿಸಿದರೆ ನೀವು ತೋರಿಸಿದ ಕಡೆ ನೋಡುವುದಿಲ್ಲ. ಹದಿನಾರು ತಿಂಗಳಾದರೂ ಒಂದು ಪದವಿಲ್ಲ, ಎರಡು ವರ್ಷವಾದರೂ ಎರಡು ಪದ ಕೂಡಿಸುವುದಿಲ್ಲ, ಅಥವಾ ಬಂದಿದ್ದ ಮಾತೇ ಹೊರಟುಹೋಗುತ್ತದೆ. ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ನಮ್ಮ ಮನೆಗಳಲ್ಲಿ ಇಲ್ಲೇ ಒಂದೆರಡು ವರ್ಷ ಕಳೆದುಹೋಗುತ್ತದೆ. "ಗಂಡುಹುಡುಗರು ಮಾತಾಡೋದೇ ತಡ," "ಇವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಎಂದು ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾಳೆ. ತಾಯಿಗೆ ಒಳಗೊಳಗೇ ಗೊತ್ತಿರುತ್ತದೆ. ಆದರೆ ಎದುರಾಡುವ ಧೈರ್ಯ ಬರುವುದಿಲ್ಲ.

ಆಟಿಸಂ ಎಂದು ಗೊತ್ತಾದ ದಿನದಿಂದ ಇನ್ನೊಂದು ಭಾರ ಅವಳ ಹೆಗಲೇರುತ್ತದೆ. 'ಏನೋ ತಪ್ಪು ಮಾಡಿದ್ದೀಯ.' ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೀಯ, ಮಗುವಿನ ಕೈಗೆ ಮೊಬೈಲ್ ಕೊಟ್ಟಿದ್ದೀಯ, ಕೆಲಸಕ್ಕೆ ಹೋಗಿದ್ದೀಯ. ಇದು ನಮ್ಮ ಹಳ್ಳಿಗಳ ಮೌಢ್ಯ ಮಾತ್ರ ಎಂದುಕೊಳ್ಳಬೇಡಿ. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಅಮೆರಿಕದ ಹನ್ನೊಂದು ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ವಿವರವಾಗಿ ಬರೆದರು. ಆಮೇಲೆ ಸುಮಾರು ಎರಡು ದಶಕ ಅಲ್ಲಿನ ದೊಡ್ಡ ದೊಡ್ಡ ತಜ್ಞರೇ ತಾಯಿಯ ಪ್ರೀತಿ ತಣ್ಣಗಿದ್ದದ್ದಕ್ಕೆ ಮಗು ಹೀಗಾಯಿತು ಎಂದು ನಂಬಿದ್ದರು. 'ರೆಫ್ರಿಜರೇಟರ್ ತಾಯಿ' ಎಂಬ ಕ್ರೂರ ಹೆಸರನ್ನೂ ಇಟ್ಟರು. ಆ ನಂಬಿಕೆಯನ್ನು ಒಡೆದವರು ಬರ್ನಾರ್ಡ್ ರಿಮ್‌ಲ್ಯಾಂಡ್. ಅವರು ಮನಃಶಾಸ್ತ್ರಜ್ಞರು, ಅದಕ್ಕಿಂತ ಮುಖ್ಯವಾಗಿ ಆಟಿಸಂ ಇದ್ದ ಹುಡುಗನ ಅಪ್ಪ. ಇದು ಸಾಕಿದ ರೀತಿಯಿಂದ ಬರುವುದಲ್ಲ, ದೇಹದಲ್ಲೇ ಕಾರಣವಿದೆ ಎಂದು 1964ರಲ್ಲಿ ಪುಸ್ತಕ ಬರೆದು ವಾದಿಸಿದರು. ಇವತ್ತಿನ ವಿಜ್ಞಾನವೂ ವಂಶವಾಹಿಗಳ ಪಾತ್ರ ದೊಡ್ಡದು ಎನ್ನುತ್ತದೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಈ ಕಾರ್ಯಕ್ರಮ ಕೇಳುತ್ತಿರುವ ತಾಯಂದಿರಿಗೆ ಇಷ್ಟು ಹೇಳಬೇಕು: ನಿಮ್ಮಿಂದ ಆದದ್ದಲ್ಲ.

ಈಗ ಒಂದು ಸಣ್ಣ ಲೆಕ್ಕ. ವಾರಕ್ಕೆ 168 ಗಂಟೆ. ಥೆರಪಿಗೆ ಹೋಗುವ ಮಗು ವಾರಕ್ಕೆ ಎರಡು ಸಲ ಒಂದೊಂದು ಗಂಟೆ ಥೆರಪಿಸ್ಟ್ ಜೊತೆ ಇರುತ್ತದೆ ಅಂತಿಟ್ಟುಕೊಳ್ಳಿ. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಹೋಗಿಬರುವವರಿಗೆ ಅಷ್ಟೂ ಸಿಗುವುದಿಲ್ಲ. ಸಿಕ್ಕಿತು ಎಂದೇ ಹಿಡಿದರೂ ಉಳಿದ 166 ಗಂಟೆ ಮಗು ಇರುವುದು ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ, ನೆಂಟರ ನಡುವೆ. ಹಾಗಾಗಿ ಮಗುವಿಗೆ ನೆರವಾಗಬೇಕಾದರೆ ಆ ಮನೆಗೆ ನೆರವಾಗಬೇಕು.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಎರಡರಿಂದ ಒಂಬತ್ತು ವರ್ಷದ 65 ಮಕ್ಕಳ ಕುಟುಂಬಗಳೊಡನೆ ಒಂದು ಅಧ್ಯಯನ ನಡೆಯಿತು. ಮನೆಗೆ ಹೋದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆರು ತಿಂಗಳಲ್ಲಿ ಹನ್ನೆರಡು ಭೇಟಿ. ಅವರು ಮಾಡಿದ್ದು ಇಷ್ಟು: ತಾಯಿಯೋ ತಂದೆಯೋ ಮಗುವಿನ ಜೊತೆ ಆಡುವುದನ್ನು ಒಂದಷ್ಟು ಹೊತ್ತು ವಿಡಿಯೊ ಮಾಡಿ, ಅವರ ಜೊತೆಗೇ ಕೂತು ಅದನ್ನು ನೋಡುವುದು. 'ಇಲ್ಲಿ ನೋಡಿ, ಅವನು ನಿಮ್ಮ ಕಡೆ ತಿರುಗಿದ. ಆಗ ನೀವು ಏನು ಮಾಡಿದಿರಿ?' ಎಂದು ಕೇಳುವುದು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಂದೆತಾಯಿ ಮಗುವಿನ ಲಯ ಹಿಡಿದು ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಅವರ ಜೊತೆ ವ್ಯವಹರಿಸಲು ಮುಂದಾಗುವುದೂ ಹೆಚ್ಚಿತು. ಎಲ್ಲವೂ ಸುಧಾರಿಸಿತು ಎಂದಲ್ಲ. ಆದರೆ ದುಬಾರಿ ಯಂತ್ರವಿಲ್ಲದೆ, ಮನೆಯ ಚಾಪೆಯ ಮೇಲೆ ಕೂತು ಇಷ್ಟು ಆಯಿತು.

ಮಗುವಿನ ಲಯ ಹಿಡಿಯುವುದು ಅಂದರೇನು? ಮಗು ಸ್ಟೀಲ್ ಲೋಟ ತಿರುಗಿಸುತ್ತಾ ಕೂತಿದೆ. ನಮ್ಮ ಅಭ್ಯಾಸ ಲೋಟ ಕಿತ್ತುಕೊಂಡು 'ಇದು ಯಾವ ಬಣ್ಣ ಹೇಳು, ಇದು ಯಾವ ಪ್ರಾಣಿ ಹೇಳು' ಎಂದು ಪುಸ್ತಕ ಹಿಡಿಯುವುದು. ಹಾಗೆ ಮಾಡದೆ ನೀವೂ ಎದುರಿಗೆ ಕೂತು ಇನ್ನೊಂದು ಲೋಟ ತಿರುಗಿಸಿ. 'ಗಿರಗಿರ' ಎನ್ನಿ. ಅದರ ಲೋಟ ನಿಂತಾಗ ನಿಮ್ಮದನ್ನೂ ನಿಲ್ಲಿಸಿ. ಸುಮ್ಮನೆ ಕಾಯಿರಿ. ಹತ್ತು ಎಣಿಸುವಷ್ಟು ಹೊತ್ತು ಕಾಯುವುದು ಹೇಳಿದಷ್ಟು ಸುಲಭವಲ್ಲ. ಕಾದರೆ ಒಂದು ದಿನ ಮಗು ತಲೆಯೆತ್ತಿ ನಿಮ್ಮ ಮುಖ ನೋಡುತ್ತದೆ, 'ಮತ್ತೆ' ಎನ್ನುವ ಹಾಗೆ. ಮಾತು ಮೊಳೆಯುವುದು ಅಲ್ಲಿ.

ದಿನದ ಕ್ರಮವನ್ನು ಚಿತ್ರದಲ್ಲಿ ತೋರಿಸುವುದೂ ಹೀಗೇ ಮನೆಯಲ್ಲೇ ಆಗುವ ಕೆಲಸ. ನಾನು ನೋಡಿದ ಒಂದು ಅಡುಗೆಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬ್ರಷ್, ತಟ್ಟೆ, ಬ್ಯಾಗು, ಬಸ್ಸಿನ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು. ಮಿಕ್ಸಿ ಹಾಕುವ ಮೊದಲು ಆ ಮನೆಯ ಅಜ್ಜಿ ಮಿಕ್ಸಿಯ ಚಿತ್ರ ತೋರಿಸಿ, ಮೂರು ಬೆರಳು ಮಡಿಸಿ ಎಣಿಸುತ್ತಿದ್ದರು. ಮೊಮ್ಮಗಳು ಓಡಿಹೋಗಿ ಹಿತ್ತಿಲ ಬಾಗಿಲಲ್ಲಿ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಅಳು ಇಲ್ಲ, ರಂಪ ಇಲ್ಲ. ಮುಂದೇನು ಎಂದು ಗೊತ್ತಿದ್ದರೆ ಅರ್ಧ ಭಯ ಕಡಿಮೆ.

ಇನ್ನೊಂದು ಮಾತು, ಕನ್ನಡದ ಕೇಳುಗರಿಗೆ ಬೇಕಾದದ್ದು. 'ಮಗುವಿಗೆ ಗೊಂದಲವಾಗುತ್ತೆ, ಮನೇಲಿ ಇಂಗ್ಲಿಷ್ ಮಾತ್ರ ಆಡಿ' ಎಂಬ ಸಲಹೆ ಅನೇಕ ಕುಟುಂಬಗಳಿಗೆ ಸಿಗುತ್ತದೆ. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಕ್ಕಳ ಮಾತು ಕೆಡುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿಲ್ಲ. ಅಜ್ಜಿಗೆ ಬಾರದ ಭಾಷೆಯನ್ನು ಮನೆಗೆ ತಂದರೆ, ಮಗುವಿನ ಜೊತೆ ಮಾತಾಡುವ ಒಬ್ಬರು ಕಡಿಮೆಯಾದರು ಅಷ್ಟೆ. ಕನ್ನಡವೋ, ತುಳುವೋ, ಉರ್ದುವೋ, ನಿಮ್ಮ ಬಾಯಿಗೆ ಸಹಜವಾಗಿ ಬರುವ ಭಾಷೆಯಲ್ಲೇ ಮುದ್ದಿಸಿ, ಮಾತಾಡಿಸಿ.

ಮನೆಯವರಿಗೆ ಕಲಿಸುವ ಜಾಗಗಳೂ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರೀಸ್ಕೂಲಿನಲ್ಲಿ ತಾಯಂದಿರು ಮಕ್ಕಳ ಜೊತೆ ಕೂತೇ ಕಲಿಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ದೆಹಲಿಯ 'ಆ್ಯಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು 1991ರಲ್ಲಿ ಕಟ್ಟಿದ ಮೆರಿ ಬರುವಾ ಅವರೂ ಆಟಿಸಂ ಇರುವ ಮಗನ ತಾಯಿಯೇ. ಅಷ್ಟು ದೂರ ಹೋಗಲಾಗದವರು ಹತ್ತಿರದಿಂದ ಶುರು ಮಾಡಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿ. ಅವರು ಡಿ.ಇ.ಐ.ಸಿ.ಗೆ, ಅಂದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಬರೆದುಕೊಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಒಂದು. ಶೇಕಡ 40 ಅಥವಾ ಹೆಚ್ಚು ವೈಕಲ್ಯವಿದೆ ಎಂಬ ಪ್ರಮಾಣಪತ್ರ ಸಿಕ್ಕಿದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವುದು ಮಗುವಿನ ಹಕ್ಕು. 'ಇಂಥ ಮಕ್ಕಳಿಗೆ ನಮ್ಮಲ್ಲಿ ಸೀಟಿಲ್ಲ' ಎಂದು ಹೆಡ್‌ಮಾಸ್ಟರು ಹೇಳಿದರೆ ಅದೇ ಕೊನೆಯ ಮಾತಲ್ಲ. ರಾಷ್ಟ್ರೀಯ ನ್ಯಾಸದ, ಅಂದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ, ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ನೆರವಿದೆ, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ಈ ಕಾಗದಪತ್ರಗಳ ಓಡಾಟಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಅವರನ್ನು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಗುಣಪಡಿಸುತ್ತೇವೆ ಎನ್ನುವವರ ಬಗ್ಗೆ ಎಚ್ಚರ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹೊಲ ಅಡವಿಟ್ಟು ಲಕ್ಷಗಟ್ಟಲೆ ಸುರಿಯುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಿ.

ಇಂಥ ಮನೆಗಳಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ: 'ನಾವಿಲ್ಲದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು?' 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಇದಕ್ಕೆ ಒಂದು ಭಾಗದ ಉತ್ತರವಿದೆ. ಹದಿನೆಂಟು ತುಂಬಿದ ಮೇಲೂ ಆಸರೆ ಬೇಕಾದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಆದರೆ ಪೋಷಕರಾಗಲು ಮುಂದೆ ಬರುವ ಮನುಷ್ಯ ಬೇಕಲ್ಲ? ಕಾಯ್ದೆ ಅವರನ್ನು ಹುಟ್ಟಿಸಲಾರದು. ಚಿಕ್ಕಂದಿನಿಂದ ಆ ಮಗುವಿನ ಜೊತೆ ಆಡಿ ಬೆಳೆದವರೇ ಮುಂದೆ ಬರಬೇಕು. ಹಾಗೆಂದು ಅಣ್ಣನನ್ನೋ ತಂಗಿಯನ್ನೋ ಈಗಿನಿಂದಲೇ ಕಾವಲಿಗೆ ಕಟ್ಟಿಹಾಕಬೇಡಿ. ಅವರಿಗೂ ವಾರದಲ್ಲಿ ಒಂದಿಷ್ಟು ಹೊತ್ತು ಅಮ್ಮ ಪೂರ್ತಿ ತಮ್ಮವಳಾಗಿ ಸಿಗಲಿ. ಅದಕ್ಕೆ ಯಾರಾದರೂ ಆಟಿಸಂ ಇರುವ ಮಗುವನ್ನು ಅಷ್ಟು ಹೊತ್ತು ನೋಡಿಕೊಳ್ಳಬೇಕು.

ಆ 'ಯಾರಾದರೂ' ನಾವು ನೀವೇ. ಇಂಥ ಮನೆಗೆ ಸಲಹೆಯ ಕೊರತೆಯಿಲ್ಲ. ಯಾವ ದೇವಸ್ಥಾನ, ಯಾವ ನಾಟಿ ಔಷಧ, ಎಲ್ಲವನ್ನೂ ಅವರು ಕೇಳಿ ಆಗಿದೆ. ಇಲ್ಲದಿರುವುದು ಹೊತ್ತು. ಆ ತಾಯಿ ನಿದ್ದೆಗೆಟ್ಟು ಎಷ್ಟು ದಿನವಾಯಿತೋ. ವಾರಕ್ಕೊಂದು ಗಂಟೆ ಮಗುವಿನ ಜೊತೆ ಇದ್ದು ಅದಕ್ಕೆ ಬಳಕೆಯಾಗಿ, ಆಮೇಲೆ 'ನೀನು ಹೋಗಿ ಮಲಗು, ನಾನಿದ್ದೀನಿ' ಅನ್ನಿ. ಅಪ್ಪಂದಿರಿಗೂ ಇದೇ ಮಾತು. ದುಡ್ಡು ತಂದುಕೊಟ್ಟರೆ ಮುಗಿಯಲಿಲ್ಲ, ಆ 166 ಗಂಟೆಯಲ್ಲಿ ನಿಮ್ಮ ಪಾಲೂ ಇದೆ.

ಮದುವೆಯ ಮನೆಗೆ ಮರಳುತ್ತೇನೆ. ಎರಡನೇ ಪಂಕ್ತಿಯೂ ಎದ್ದಿತ್ತು. ಆಗ ಆ ಹುಡುಗನ ದೊಡ್ಡಪ್ಪನ ಮಗಳು, ಪಿಯುಸಿ ಓದುವವಳು, ಲಂಗ ಎತ್ತಿಕಟ್ಟಿಕೊಂಡು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅವನಿಗೆ ಏನೂ ಹೇಳಲಿಲ್ಲ. ರಾಶಿಯಿಂದ ಒಂಟಿ ಚಪ್ಪಲಿಯೊಂದನ್ನು ಎತ್ತಿ ಹಿಡಿದು ಸುಮ್ಮನೆ ಇದ್ದಳು. ಅವನು ತನ್ನ ಕೈಯಲ್ಲಿದ್ದದ್ದನ್ನು ನೋಡಿದ, ಅವಳ ಕೈಯಲ್ಲಿದ್ದದ್ದನ್ನು ನೋಡಿದ, ಜೋಡಿ ಸಿಕ್ಕಿತು. ತೆಗೆದುಕೊಳ್ಳುವ ಮೊದಲು ಒಂದು ಕ್ಷಣ ಅವಳ ಮುಖವನ್ನೂ ನೋಡಿದ. ಅವಳು ತಿರುಗದೆಯೇ ಹೇಳಿದಳು: "ಚಿಕ್ಕಮ್ಮ, ಊಟ ಮಾಡ್ಕೊಂಡು ಬನ್ನಿ. ನಾವಿಬ್ಬರೂ ಇಲ್ಲೇ ಇರ್ತೀವಿ."

ಚಿಕ್ಕಮ್ಮ ಎರಡು ಸಲ ಹಿಂತಿರುಗಿ ನೋಡಿ ಒಳಗೆ ಹೋದಳು. ನಾನು ಹೊರಡುವ ಹೊತ್ತಿಗೂ ಊಟದಿಂದ ಎದ್ದಿರಲಿಲ್ಲ. ಛತ್ರದಲ್ಲಿ ಚಪ್ಪಲಿ ಹುಡುಕುವ ಪಾಡು ನಿಮಗೆ ಗೊತ್ತು. ನನ್ನ ಜೋಡಿ ಗೋಡೆಯ ಸಾಲಿನಲ್ಲಿ, ದೊಡ್ಡವರ ಕಡೆಯಿಂದ ನಾಲ್ಕನೆಯದಾಗಿ, ಮೂತಿ ಹೊರಗೆ ಮಾಡಿಕೊಂಡು ಕಾಯುತ್ತಿತ್ತು. ಮೆಟ್ಟಿಕೊಂಡು ನಡೆದೆ.