ಸೇವುಣರ ಮನೆ ತುಂಬಿದ ಹೆಣ್ಣುಮಕ್ಕಳು

ನಾವು ಸೇರಿರುವ ಈ ಯೇವಲೆ ಊರಿನ ಪಶ್ಚಿಮಕ್ಕೆ ಸಿನ್ನರ, ಪೂರ್ವಕ್ಕೆ ದೇವಗಿರಿ. ಎರಡೂ ಸೇವುಣ ಅರಸರ ರಾಜಧಾನಿಗಳು. ಸಿನ್ನರದ ಸಣ್ಣ ಸಾಮಂತ ಮನೆತನ ದೇವಗಿರಿಯ ಸಿಂಹಾಸನ ಏರಿದ್ದನ್ನು ಕತ್ತಿಯ ಕಥೆಯಾಗಿಯೇ ಹೇಳುವುದು ರೂಢಿ. ಅವರ ತಾಮ್ರಶಾಸನಗಳು ಕೊಡುವ ವಂಶಾವಳಿಯನ್ನು ನೋಡಿದರೆ, ಆ ಏರಿಕೆ ಶುರುವಾದದ್ದು ಮದುವೆಯ ಹಂದರದಲ್ಲಿ ಎಂದು ನನಗೆ ಅನ್ನಿಸುತ್ತದೆ. ಹತ್ತನೆಯ ಶತಮಾನದಲ್ಲಿ ಈ ಮನೆತನದ ವದ್ದಿಗ ತಂದುಕೊಂಡದ್ದು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ತಮ್ಮ ಧೋರಪ್ಪನ ಮಗಳು ವೊದ್ದಿಯವ್ವೆಯನ್ನು. ಇಮ್ಮಡಿ ಭಿಲ್ಲಮನ ರಾಣಿ ಲಚ್ಚಿಯವ್ವೆ ಶಿಲಾಹಾರರ ಮಗಳು. ಮುಮ್ಮಡಿ ಭಿಲ್ಲಮ ಕೈಹಿಡಿದದ್ದು ಕಲ್ಯಾಣ ಚಾಲುಕ್ಯ ಇಮ್ಮಡಿ ಜಯಸಿಂಹನ ಮಗಳು ಅವಲ್ಲದೇವಿಯನ್ನು. ಅವ್ವೆ ಎಂದು ಕನ್ನಡದಲ್ಲಿ ಮುಗಿಯುವ ಹೆಸರುಗಳನ್ನು ಗಮನಿಸಿ. ನಾಸಿಕದ ಈ ನೆಲದ ಅರಮನೆಯಲ್ಲಿ ಸಾವಿರ ವರ್ಷದ ಹಿಂದೆ ಕೂಗಿ ಕರೆಯುತ್ತಿದ್ದ ಹೆಸರುಗಳಿವು.

ಬೀಗತನಕ್ಕೆ ಅಷ್ಟು ಬೆಲೆಯಿದ್ದರೆ, ರಾಷ್ಟ್ರಕೂಟರು ಬಿದ್ದ ಮೇಲೆ ಇಮ್ಮಡಿ ಭಿಲ್ಲಮ ಅವರನ್ನು ಉರುಳಿಸಿದ ಚಾಲುಕ್ಯ ತೈಲಪನ ಪಕ್ಷ ಸೇರಿ ಮಾಳವದ ಮುಂಜನ ಮೇಲೆ ಯುದ್ಧಕ್ಕೆ ಹೋದದ್ದೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮದುವೆ ನಿಷ್ಠೆಯನ್ನು ಕಟ್ಟಿಹಾಕಲಿಲ್ಲ, ನಿಜ. ಅದು ಕೊಟ್ಟದ್ದು ಅಂತಸ್ತು. ಚಕ್ರವರ್ತಿಯ ಮನೆಯಿಂದ ಹೆಣ್ಣು ತಂದ ಮನೆತನ ಹೊಸ ಚಕ್ರವರ್ತಿಯ ಕಣ್ಣಿಗೂ ಸಾಮಾನ್ಯ ಸಾಮಂತ ಮನೆಯಾಗಿ ಉಳಿಯಲಿಲ್ಲ. ಎರಡು ತಲೆಮಾರಿನೊಳಗೆ ಆ ಹೊಸ ಮನೆಯೂ ಮಗಳನ್ನು ಕೊಟ್ಟಿತು. ಮುಮ್ಮಡಿ ಭಿಲ್ಲಮ ಮಾವ ಜಯಸಿಂಹನ, ಭಾವಮೈದುನ ಸೋಮೇಶ್ವರನ ಜೊತೆ ನಿಂತು ಮಾಳವದ ಭೋಜನ ವಿರುದ್ಧ ಹೋರಾಡಿದ. ಇಲ್ಲಿ ಕತ್ತಿಗೆ ದಾರಿ ತೋರಿದ್ದು ನಂಟು. ಆದರೂ ನಂಟಿಗೆ ಒಂದು ಮಿತಿಯಿತ್ತು ಎಂದು ಒಪ್ಪಲೇಬೇಕು. 1187ರ ಸುಮಾರಿಗೆ ಐದನೆಯ ಭಿಲ್ಲಮ ಸ್ವತಂತ್ರನಾದದ್ದು ಕಲ್ಯಾಣದ ಬಲ ಕುಸಿದಿದ್ದರಿಂದ, ತನ್ನ ಸೈನ್ಯದಿಂದ. ಯಾವ ಮದುವೆಯಿಂದಲೂ ಅಲ್ಲ. ಆದರೆ ಆ ಹೊತ್ತಿಗೆ ಸಿಂಹಾಸನಕ್ಕೆ ಕೈಚಾಚುವ ಯೋಗ್ಯತೆ ತನಗಿದೆ ಎನ್ನುವ ಧೈರ್ಯ ಆ ಮನೆಗೆ ಎಲ್ಲಿಂದ ಬಂದಿತ್ತು? ಇನ್ನೂರು ವರ್ಷ ಆ ಹೊಸಿಲು ತುಳಿದ ಸೊಸೆಯರನ್ನು ಬಿಟ್ಟು ಇದಕ್ಕೆ ಉತ್ತರ ಹೇಳಲಾಗದು.

ಆ ಹೆಣ್ಣುಮಕ್ಕಳ ಮನಸ್ಸನ್ನು ಯಾರೂ ಕೇಳಿದಂತಿಲ್ಲ. ಶಾಸನದಲ್ಲಿ ಹೆಸರಿದೆ, ತಂದೆಯ ಕುಲವಿದೆ, ಅಷ್ಟೇ. ಅದಕ್ಕಾಗಿಯೇ ನನ್ನದೊಂದು ಕೋರಿಕೆ: ಮಕ್ಕಳನ್ನು ಸಿನ್ನರದ ಗೊಂಡೇಶ್ವರಕ್ಕೋ ದೇವಗಿರಿಯ ಕೋಟೆಗೋ ಕರೆದೊಯ್ದಾಗ, ಭಿಲ್ಲಮರ ಹೆಸರು ಹೇಳುವ ಮೊದಲು ವೊದ್ದಿಯವ್ವೆ, ಲಚ್ಚಿಯವ್ವೆ, ಅವಲ್ಲದೇವಿಯರ ಹೆಸರು ಹೇಳಿಕೊಡಿ.