ಬಾಗಿಲಲ್ಲಿ ನಿಲ್ಲುವವರು ಯಾರು?

(ಟಿ. ನಗರದ ಹೋಟೆಲ್ ಕಾರ್ಮಿಕರ ರಾತ್ರಿ ಸಭೆಯಲ್ಲಿ ಮಾಡಿದ ಭಾಷಣ)



ಪಾತ್ರೆ ತೊಳೆದಿಟ್ಟು, ಬಾಗಿಲು ಹಾಕಿ, ಈ ಹೊತ್ತಿನಲ್ಲಿ ಪಾನಗಲ್ ಪಾರ್ಕಿನ ಬಳಿಯ ಈ ಕೋಣೆಗೆ ಬಂದಿದ್ದೀರಿ. ಬೆಳಗಿನ ಪಾಳಿಯವರೂ ಇದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ. ಮೊಬೈಲಿನಲ್ಲಿ ನಮ್ಮದೇ ಒಂದು ಕನ್ನಡ ತಾಣ ಬೇಕು, ಮಾಸ್ಟೊಡಾನ್ ಎಂಬ ರೀತಿಯದು, ಎಂದು ಹುಡುಗರು ಅರ್ಜಿ ಕೊಟ್ಟಿದ್ದಾರೆ. ಅದರ ಮಾತು.

ಟ್ವಿಟರ್ ಒಬ್ಬ ಯಜಮಾನನ ದೊಡ್ಡ ಹೋಟೆಲು. 2022ರ ಅಕ್ಟೋಬರಿನಲ್ಲಿ ಎಲಾನ್ ಮಸ್ಕ್ ಅದನ್ನು ಕೊಂಡನು. ಅಂದಿನಿಂದ ಆತನ ಮಾತೇ ಕಾಯಿದೆ. ಮಾಸ್ಟೊಡಾನ್ ಹಾಗಲ್ಲ. ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣ 2016ರಲ್ಲಿ ಆರಂಭಿಸಿದ್ದು. ಬೀದಿಯುದ್ದಕ್ಕೂ ಸಣ್ಣ ಸಣ್ಣ ಹೋಟೆಲುಗಳು. ಒಂದೊಂದಕ್ಕೂ ಬೇರೆ ನಡೆಸುವವರು, ಬೇರೆ ನಿಯಮ. ಆದರೂ ಒಂದರಲ್ಲಿ ಕೂತವನು ಇನ್ನೊಂದರಲ್ಲಿ ಕೂತವನೊಡನೆ ಮಾತಾಡಬಹುದು. ಇಂತಹ ಮನೆಗೆ ‘ಸರ್ವರ್’ ಎಂದೇ ಹೆಸರು. ತಟ್ಟೆ ಹೊತ್ತ ಸರ್ವರುಗಳು ನಗಬೇಡಿ! ಒಂದು ಮನೆ ತೀರ ಕೆಟ್ಟರೆ ಉಳಿದವು ಅದರ ಕಡೆಯ ಬಾಗಿಲು ಮುಚ್ಚಬಹುದು. 2019ರಲ್ಲಿ ದ್ವೇಷದ ಮಾತಿಗೆ ಹೆಸರಾದ ಗ್ಯಾಬ್ ಕೂಟ ಆ ಬೀದಿಗೆ ಬಂದಾಗ ಅನೇಕರು ಹಾಗೆಯೇ ಮಾಡಿದರು.

ಅದೇ ವರ್ಷ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಯಿತು. 1936ರಲ್ಲಿ ಜರ್ಮನಿಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎಲ್ಲರೂ ಕೈಯೆತ್ತಿ ನಾಜಿ ವಂದನೆ ಮಾಡುತ್ತಿರಲು, ಕೈಕಟ್ಟಿ ನಿಂತ ಒಬ್ಬ ಕಾರ್ಮಿಕನ ಚಿತ್ರವನ್ನು ಅವರು ಹಾಕಿಕೊಂಡಿದ್ದರು. ಸಿಟ್ಟಾದ ಜನ ನವೆಂಬರಿನಲ್ಲಿ ಮಾಸ್ಟೊಡಾನಿಗೆ ನಡೆದರು. ಬಹಳ ಮಂದಿ ಅಲ್ಲಿ ನಿಲ್ಲಲಿಲ್ಲ. ಬಾಗಿಲಲ್ಲೇ ‘ಯಾವ ಸರ್ವರಿಗೆ ಸೇರುತ್ತೀರಿ?’ ಎಂಬ ಪ್ರಶ್ನೆ. ಹೊಸಬನಿಗೆ ಏನು ಗೊತ್ತು? 2023ರ ಮೇ ತಿಂಗಳಲ್ಲಿ ಅವರೇ ಇದನ್ನು ಬದಲಿಸಿ, ಆರಿಸಲು ತಿಳಿಯದವನು ನೇರವಾಗಿ ದೊಡ್ಡ ಮನೆಗೆ ಸೇರುವಂತೆ ಮಾಡಿದರು.

ಏಳನೆಯದಕ್ಕೆ ಶಾಲೆ ಬಿಟ್ಟ ನಾವು ಮಂಗಳೂರಿನ ರೈಲಿನಿಂದ ಸೆಂಟ್ರಲಿನಲ್ಲಿ ಇಳಿದ ದಿನ ತಮಿಳೂ ಬಾರದು, ಸಾಂಬಾರಿನ ಬಕೀಟು ಎತ್ತಲೂ ಬಾರದು. ಹಿರಿಯ ಮಾಣಿಯೊಬ್ಬರು ಅರ್ಧ ಚಾಪೆ ಬಿಟ್ಟುಕೊಟ್ಟು, “ಮೊದಲು ಉಣ್ಣು ಮಾರಾಯ, ಹೆಸರು ನಾಳೆ ಹೇಳಿದರಾಯ್ತು” ಎಂದರು. ಆ ಮಾತಿಲ್ಲದಿದ್ದರೆ ಮರುದಿನದ ರೈಲಿಗೇ ಹಿಂದಿರುಗುತ್ತಿದ್ದೆವು.

ಈಗ ನಮ್ಮ ತಪ್ಪು. ಕಳೆದ ವರ್ಷ ನಮ್ಮ ವಾಟ್ಸಾಪ್ ಗುಂಪಿಗೆ ಕುಂದಾಪುರದ ಕಡೆಯ ಹುಡುಗನೊಬ್ಬ ಸೇರಿದ. ಪಿ.ಎಫ್. ಹಿಡಿಯುತ್ತಾರೆ, ಚೀಟಿ ಕೊಡುವುದಿಲ್ಲ, ಏನು ಮಾಡಲಿ ಎಂದು ಕೇಳಿದ. ಕಾಗುಣಿತ ತಪ್ಪಿತ್ತು. ಸಾಲಾಗಿ ನಗುವ ಗೊಂಬೆಗಳನ್ನು ಹಾಕಿದರು. ಒಬ್ಬನಂತೂ ಜಾತಿ ಕೇಳಿದ. ಬೀಗದ ಕೈ ಇದ್ದುದು ನಮ್ಮಲ್ಲಿ. ಬೆಳಿಗ್ಗೆ ನೋಡಿದೆವು, ನಕ್ಕವರು ಹಳಬರೆಂದು ಸುಮ್ಮನಾದೆವು. ‘ಯು.ಎ.ಎನ್. ಸಂಖ್ಯೆ ಕೇಳಿ ಪಡೆ, ಕಟ್ಟಿದ ಹಣ ಮೊಬೈಲಿನಲ್ಲೇ ಕಾಣುತ್ತದೆ. ಕಾಣದಿದ್ದರೆ ರಾಯಪೇಟೆಯ ಪಿ.ಎಫ್. ಕಚೇರಿಗೆ ಜೊತೆಯಲ್ಲಿ ಹೋಗೋಣ’ ಎಂದು ಒಬ್ಬರು ಬರೆದಿದ್ದರೆ ಸಾಕಿತ್ತು. ಹುಡುಗ ಗುಂಪು ಬಿಟ್ಟ. ಅವನ ಹಣ ಕಟ್ಟಿಯೇ ಇರಲಿಲ್ಲವೆಂದು ನಮಗೆ ತಿಳಿಯುವಾಗ ಅವನು ಊರು ಸೇರಿಯಾಗಿತ್ತು.

ಹಾಗಾದರೆ ಯಜಮಾನನ ತಾಣವೇ ಸಾಕೆನ್ನುವವರು ‘ಕೂ’ವನ್ನು ನೆನೆಯಲಿ. ಬೆಂಗಳೂರಿನದು, 2020ರಲ್ಲಿ ಕನ್ನಡದಲ್ಲೇ ಮೊದಲು ಬಂತು, 2024ರ ಜುಲೈಯಲ್ಲಿ ಮುಚ್ಚಿತು. ಪೆರಂಬೂರಿನ ಬಿ ಅಂಡ್ ಸಿ ಗಿರಣಿ 1996ರಲ್ಲಿ ಮುಚ್ಚಿದ್ದನ್ನು ಕಂಡ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಸ್ವಂತ ತಾಣಕ್ಕೆ ನಮ್ಮ ಒಪ್ಪಿಗೆಯಿದೆ. ಆದರೆ ಸ್ವಂತ ಮನೆಯಲ್ಲಿ ಕಸ ಗುಡಿಸುವವರೂ ನಾವೇ. ತಿಂಗಳ ಬಾಡಿಗೆ ಚಂದಾ ಹಣದಿಂದ ಹೋಗಬೇಕು. ವಾರಕ್ಕೆ ಮೂವರು ಬಾಗಿಲ ಪಾಳಿ ಮಾಡಬೇಕು. ಹೊಸಬನ ಮೊದಲ ಪ್ರಶ್ನೆಗೆ ಅಂದು ರಾತ್ರಿಯೊಳಗೆ ಉತ್ತರ ಹೋಗಬೇಕು. ಹೀಯಾಳಿಸಿದವನಿಗೆ ಒಮ್ಮೆ ಪ್ರತ್ಯೇಕವಾಗಿ ಹೇಳುವುದು. ಮತ್ತೆ ಮಾಡಿದರೆ ಒಂದು ತಿಂಗಳು ಹೊರಗೆ, ಸಮಿತಿಯವನಾದರೂ ಸರಿಯೇ. ಅನ್ಯಾಯವಾಯಿತೆನ್ನುವವನು ಸಭೆಯ ಮುಂದೆ ಬಂದು ಹೇಳಲಿ. ಪಾಳಿಯವರೂ ಯಜಮಾನರಾಗಬಾರದಲ್ಲ!

ಮೊದಲ ವಾರಕ್ಕೆ ನಮ್ಮ ಹೆಸರು ಬರೆದಿದ್ದೇವೆ. ಆ ಹುಡುಗನ ನಂಬರು ನಮ್ಮಲ್ಲಿದೆ, ನಾಳೆ ಫೋನು ಮಾಡುತ್ತೇವೆ. ಇನ್ನಿಬ್ಬರು ಬೇಕು. ಕಾಗದ ಹಿಂದಿನ ಸಾಲಿನಿಂದ ಬರಲಿ.