ದೂರು ಹೇಳದ ಕಣ್ಣು

ನಾಲ್ಕು ವರ್ಷದ ಮಗುವಿಗೆ ಕನ್ನಡಕ ಬೇಕು ಎಂದು ವೈದ್ಯರು ಹೇಳಿದಾಗ ಹೆತ್ತವರ ಬಾಯಿಂದ ಮೊದಲು ಬರುವ ಮಾತು, "ಇಷ್ಟು ದಿನ ಏನೂ ಹೇಳಲೇ ಇಲ್ವಲ್ಲ!" ಹೇಳುವುದಾದರೂ ಹೇಗೆ? ದೊಡ್ಡವರಿಗೆ ಕಣ್ಣು ಮಂಜಾದರೆ ಮುಂಚೆ ಹೇಗೆ ಕಾಣುತ್ತಿತ್ತು ಎಂಬುದು ನೆನಪಿರುತ್ತದೆ. ಮಗುವಿಗೆ ಆ ಮುಂಚೆ ಎಂಬುದೇ ಇಲ್ಲ. ಮಸುಕಾಗಿ ಕಂಡದ್ದೇ ಅದರ ಲೋಕ. ದೋಷ ಒಂದೇ ಕಣ್ಣಿನಲ್ಲಿದ್ದರಂತೂ ಇನ್ನೊಂದು ಕಣ್ಣು ಎಲ್ಲವನ್ನೂ ತೂಗಿಸಿಕೊಂಡು ಹೋಗುತ್ತದೆ. ಮಗು ಓಡುತ್ತದೆ, ಆಡುತ್ತದೆ, ನೆಲಕ್ಕೆ ಬಿದ್ದ ಸಾಸಿವೆಯನ್ನೂ ಹೆಕ್ಕುತ್ತದೆ. ಹಾಗಿರುವಾಗ ಮಗು ದೂರು ಹೇಳಿದ ಮೇಲೆ ಕಣ್ಣು ತೋರಿಸೋಣ ಎನ್ನುವ ಲೆಕ್ಕ ಬುಡದಲ್ಲೇ ತಪ್ಪು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ಆದರೂ ಜ್ವರಕ್ಕೆ ಕೂತಿದೆಯೇ, ಹಣ್ಣಾಗಿದೆಯೇ, ರೋಗ ತಗುಲಿದೆಯೇ ಎಂದು ಹೊತ್ತುಹೊತ್ತಿಗೂ ನೋಡುವುದು ಅವರ ರೂಢಿ. ಮಗುವಿನ ಕಣ್ಣೂ ಬೇಡುವುದು ಅಂಥದೇ ನಿಗಾ. ಒಂದನೇ ತರಗತಿಗೆ ಸೇರುವವರೆಗೂ ಕಾಯದೆ, ಅಂಗನವಾಡಿಯ ವಯಸ್ಸಿನಲ್ಲೇ, ಒಂದೊಂದೇ ಕಣ್ಣನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಬೇಕು ಎಂಬುದೇ ನನ್ನ ವಾದ.

ಕಣ್ಣಿನ ತಪಾಸಣೆ ಎಂದರೆ ನಮಗೆ ಅಜ್ಜ-ಅಜ್ಜಿಯರೇ ನೆನಪಾಗುವುದಕ್ಕೆ ಕಾರಣವಿದೆ. ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹಾಕಿ ಪೊರೆ ತೆಗೆದದ್ದನ್ನು ಕರ್ನಾಟಕ ಮರೆಯುವಂತಿಲ್ಲ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯ ಕಡೆಗೇ ಹೆಚ್ಚು ಗಮನ ಕೊಟ್ಟಿತು. ಆದರೆ ಪೊರೆ ಕಾಯುತ್ತದೆ. ಅಜ್ಜನ ಆಪರೇಷನ್ನನ್ನು ಸುಗ್ಗಿ ಕಳೆದ ಮೇಲೆ ಮಾಡಿಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಮೊಮ್ಮಗಳ ಕಣ್ಣು ಹಾಗೆ ಕಾಯುವುದಿಲ್ಲ. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಕೆಲವು ತಿಂಗಳ ಮೇಲೆ ಬಿಚ್ಚಿ ನೋಡಿದರು. ಕಣ್ಣು ನೆಟ್ಟಗೇ ಇತ್ತು. ಅದು ಕಳಿಸಿದ್ದನ್ನು ಮಿದುಳು ತೆಗೆದುಕೊಳ್ಳುತ್ತಿರಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆಯೇ ಮಾಡಿದರೆ ಆ ನಷ್ಟ ಆಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. (ಪ್ರಯೋಗ ಕ್ರೂರವಾದದ್ದು, ನಿಜ, ಆದರೆ ಇವತ್ತು ಮಕ್ಕಳ ಕಣ್ಣಿನ ವೈದ್ಯಕ್ಕೆ ಅದು ಕೊಟ್ಟ ತಿಳಿವಳಿಕೆ ದೊಡ್ಡದು.) ಮಕ್ಕಳಲ್ಲೂ ನಡೆಯುವುದು ಇದೇ. ಒಂದು ಕಣ್ಣಿನ ನಂಬರ್ ತೀರಾ ಹೆಚ್ಚಿದ್ದರೆ, ಅಥವಾ ಮೆಳ್ಳಗಣ್ಣಿದ್ದರೆ, ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ಮುಂದೆ ಎಂಥ ಕನ್ನಡಕ ಹಾಕಿದರೂ ಅದು ಪೂರ್ತಿ ಕಾಣದೆ ಹೋಗಬಹುದು. ಮೆಳ್ಳಗಣ್ಣು ಅದೃಷ್ಟ ಎಂದು ಸುಮ್ಮನಿರುವ ಮನೆಗಳು ಈಗಲೂ ಇವೆ. ಅಂಥ ಅದೃಷ್ಟ ಯಾರಿಗೂ ಬೇಡ.

ಹಾಗಾದರೆ ತಡವಾಗಿ ಗೊತ್ತಾದವರ ಕಥೆ ಮುಗಿದಂತೆಯೇ? ಇಲ್ಲ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಕಣ್ಣು ಸೋತ, 7ರಿಂದ 17 ವರ್ಷದ 507 ಮಕ್ಕಳನ್ನು ನೋಡಿತು. 7ರಿಂದ 12ರ ಮಕ್ಕಳಲ್ಲಿ ಕನ್ನಡಕದ ಜೊತೆಗೆ, ಸೋತ ಕಣ್ಣಿಗೆ ಕೆಲಸ ಕೊಡಲೆಂದು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ, ಅದನ್ನು ಮಸುಕಾಗಿಸುವ ಹನಿಯನ್ನೂ ಹಾಕಿದಾಗ ಶೇ 53ರಷ್ಟು ಮಕ್ಕಳಿಗೆ ಗುಣ ಕಂಡಿತು; ಬರೀ ಕನ್ನಡಕ ಹಾಕಿದವರಲ್ಲಿ ಶೇ 25. ಹದಿಮೂರು ದಾಟಿದವರಲ್ಲಿ ಈ ಎರಡು ಗುಂಪುಗಳ ನಡುವೆ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಬಾಗಿಲು ಒಂದೇ ಸಲ ಮುಚ್ಚುವುದಿಲ್ಲ, ಆದರೆ ಮುಚ್ಚುತ್ತಾ ಬರುತ್ತದೆ.

ಅಕ್ಷರವೇ ಬಾರದ ಮಗುವಿಗೆ ಎಂಥ ಪರೀಕ್ಷೆ ಎನ್ನುವವರುಂಟು. ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿ, ಕಣ್ಣೊಳಗೆ ಬೆಳಕು ಬಿಟ್ಟು, ಅದು ಮರಳುವ ರೀತಿಯಿಂದಲೇ ವೈದ್ಯರು ನಂಬರ್ ಅಳೆಯುತ್ತಾರೆ. ಮಗು ಬಾಯಿ ತೆರೆಯಬೇಕಿಲ್ಲ. ಮನೆಯಲ್ಲೂ ಒಂದು ಸುಳಿವು ಸಿಗುತ್ತದೆ. ಆಟದ ನೆಪದಲ್ಲಿ ಮಗುವಿನ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ. ಒಂದನ್ನು ಮುಚ್ಚಿದಾಗ ಮಾತ್ರ ರಚ್ಚೆ ಹಿಡಿದು ಕೈ ತಳ್ಳಿದರೆ, ಮುಚ್ಚಿದ್ದು ಒಳ್ಳೆಯ ಕಣ್ಣಾಗಿರಬಹುದು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯಕೀಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ದೃಷ್ಟಿದೋಷವೂ ಇದೆ. ತಂಡ ಬಂದ ದಿನ ಮಗುವನ್ನು ತಪ್ಪಿಸದಿರುವುದು, ಚೀಟಿ ಬರೆದುಕೊಟ್ಟರೆ ಅದನ್ನು ಗೂಡು ಮಾರುವ ಗಡಿಬಿಡಿಯಲ್ಲಿ ಮರೆಯದಿರುವುದು ನಮ್ಮ ಪಾಲಿನ ಕೆಲಸ. ಒಂದು ದಿನದ ಕೂಲಿ ಹೋಗುತ್ತದೆ ಎಂಬ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಅದು ಹೋಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಎಲ್ಲ ಮಕ್ಕಳನ್ನೂ ಹೀಗೆ ನೋಡುತ್ತಾ ಹೋದರೆ ಬೇಡದವರಿಗೂ ಕನ್ನಡಕ ಬೀಳುವುದಿಲ್ಲವೇ? ಬೀಳಬಹುದು. ಪುಟ್ಟ ಮಕ್ಕಳಿಗೆ ಸ್ವಲ್ಪ ಪ್ಲಸ್ ನಂಬರ್ ಇರುವುದು ಸಹಜ. ಹನಿ ಹಾಕದೆ ಯಂತ್ರದ ಮುಂದೆ ಕೂರಿಸಿದರೆ ಮಗು ಕಣ್ಣು ಬಿಗಿಹಿಡಿದು ನೋಡುವುದರಿಂದ ಇಲ್ಲದ ಮೈನಸ್ ಕಾಣಿಸಿಕೊಳ್ಳುವುದೂ ಉಂಟು. ಅದಕ್ಕೇ ಕನ್ನಡಕದ ಅಂಗಡಿಯ ಯಂತ್ರ ಹೇಳಿದ್ದೇ ಕೊನೆಯ ಮಾತಾಗಬಾರದು. ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ, ಬೇಕಾದರೆ ಬೆಂಗಳೂರಿನ ಮಿಂಟೊ ಆಸ್ಪತ್ರೆಗೋ ಹೋಗಿ ಹನಿ ಹಾಕಿಸಿ ನೋಡಿಸಬೇಕು.

ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮಲೇಷ್ಯಾದಲ್ಲಿ ಸಮೀಪದೃಷ್ಟಿಯ ಮಕ್ಕಳಿಗೆ ಬೇಕೆಂದೇ ಕಡಿಮೆ ನಂಬರ್ ಕೊಟ್ಟು ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಪೂರ್ತಿ ನಂಬರ್ ಹಾಕಿದವರಿಗಿಂತ ಇವರಿಗೇ ಬೇಗ ಏರಿತ್ತು. ಹೊನಗೊನ್ನೆ ಸೊಪ್ಪು, ನುಗ್ಗೆಸೊಪ್ಪು ತಿನ್ನಿಸಿ, ಬೇಡವೆನ್ನುವುದಿಲ್ಲ. ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣಿಗೆ ಸೊಪ್ಪಿನ ಊಟ ಒಳ್ಳೆಯದೇ. ಆದರೆ ಸಮೀಪದೃಷ್ಟಿಗೆ ಕಾರಣವಾದ ಕಣ್ಣುಗುಡ್ಡೆಯ ಉದ್ದವನ್ನು ಸೊಪ್ಪು ಬದಲಿಸದು. ಮಕ್ಕಳು ಮೊಬೈಲ್ ಹಿಡಿದು ಮನೆಯೊಳಗೇ ಕೂರುತ್ತಾರೆ ಎಂಬ ಸಿಟ್ಟಿನಲ್ಲಿ ಸ್ವಲ್ಪ ಹುರುಳಿದೆ: ಚೀನಾದ ಗ್ವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಲ್ಲಿ ಬಿಟ್ಟಾಗ ಮೂರು ವರ್ಷದಲ್ಲಿ ಶೇ 30ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂತು, ಬಿಡದವರಲ್ಲಿ ಶೇ 39ಕ್ಕೂ ಮೇಲೆ. ಆದರೆ ಬೈಗುಳದಿಂದ ಈಗಾಗಲೇ ಇರುವ ನಂಬರ್ ಇಳಿಯುವುದಿಲ್ಲ, ಮಿದುಳು ಕೈಬಿಟ್ಟ ಕಣ್ಣು ಮರಳುವುದೂ ಇಲ್ಲ. ಇನ್ನು ಸೋಡಾಬುಡ್ಡಿ ಎಂದು ಆಡಿಕೊಳ್ಳುತ್ತಾರೆ, ಹೆಣ್ಣುಮಗು ಬೇರೆ, ನಾಳೆ ಮದುವೆ ಎನ್ನುವ ಅಂಜಿಕೆ. ಇಪ್ಪತ್ತು ವರ್ಷದಾಚೆಯ ಮದುವೆಗಾಗಿ ಇವತ್ತಿನ ಕಣ್ಣನ್ನು ಅಡವಿಡುವ ಈ ವ್ಯವಹಾರ ನನಗಂತೂ ಅರ್ಥವಾಗುವುದಿಲ್ಲ.

ಚಿಕಿತ್ಸೆಯೂ ಜನ ಹೆದರುವಷ್ಟು ಕಷ್ಟದ್ದಲ್ಲ. ದೋಷ ಮಧ್ಯಮವಾಗಿದ್ದರೆ ದಿನಕ್ಕೆ 2 ಗಂಟೆ ಪಟ್ಟಿ ಕಟ್ಟಿದರೂ 6 ಗಂಟೆ ಕಟ್ಟಿದಷ್ಟೇ ಫಲ ಎಂದು 2003ರ ಅಧ್ಯಯನವೊಂದು ತೋರಿಸಿದೆ. ಆ 2 ಗಂಟೆಯನ್ನು ಮಗು ಚನ್ನಪಟ್ಟಣದ ಬಣ್ಣದ ಗೊಂಬೆಗಳೊಂದಿಗೆ ಆಡುತ್ತಲೇ ಕಳೆಯಬಹುದು. ಬೆಳೆಯುವ ಕಣ್ಣಿನ ನಂಬರ್ ಬದಲಾಗುತ್ತಿರುತ್ತದೆ. ಆದ್ದರಿಂದ ಮುಂದಿನ ತಪಾಸಣೆಗೆ ವೈದ್ಯರು ಬರೆದುಕೊಟ್ಟ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.